ಅಮಾವಾಸ್ಯೆಯ ದಿನ ಅಳಿಸಿದ ಫೈಲುಗಳು

ಕಪಿಲೆಯ ದಡದಲ್ಲಿ ಮಲ್ಲಾಜಮ್ಮನವರ ಆಶ್ರಮ. ನಾಲ್ಕು ಹೆಂಚಿನ ಕೋಣೆ, ಒಂದು ಜಗಲಿ, ಒಂದು ಬೀಸುವ ಕಲ್ಲು. ಬಂದವರೆಲ್ಲ ಅವರನ್ನು ಅವ್ವ ಎಂದೇ ಕರೆಯುತ್ತಿದ್ದರು.

ಅಲ್ಲಿ ಒಂದು ಪದ್ಧತಿ. ಅಮಾವಾಸ್ಯೆ ಬಂತೆಂದರೆ ಮನೆ ಹಗುರ ಮಾಡಬೇಕು. ವರ್ಷದಿಂದ ಯಾರೂ ಮುಟ್ಟದ್ದು, ಹೆಸರು ಗೊತ್ತಿಲ್ಲದ್ದು, ಏನಿದ್ದರೂ ತಂದು ಜಗಲಿಯ ಮೇಲಿಡಬೇಕು. ಬೇಕಾದವರು ಒಯ್ಯಲಿ. ಪದ್ಧತಿ ಹಾಕಿಕೊಟ್ಟವರು ಅವ್ವನೇ.

ಆ ಅಮಾವಾಸ್ಯೆಗೆ ಶಿಷ್ಯೆ ದಾಕ್ಷಾಯಿಣಿ ಲ್ಯಾಪ್‌ಟಾಪನ್ನೂ ಹಗುರ ಮಾಡಲು ಕೂತಳು.

ಅವಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಲ್ಯಾಪ್‌ಟಾಪು ಭಕ್ತರೊಬ್ಬರು ಕೊಟ್ಟದ್ದು. ನಡೆಸುವುದನ್ನು ಯಾರೂ ಹೇಳಿಕೊಡಲಿಲ್ಲ, ತಾನೇ ಕಲಿತಳು. ಮೂರು ವರ್ಷ, ದಿನಾ ಸಂಜೆ, ಅವ್ವನ ಮಾತುಗಳನ್ನು ರೆಕಾರ್ಡ್ ಮಾಡಿ ಅದರಲ್ಲಿ ಹಿಡಿದಿಟ್ಟಳು.

ಕಳೆದ ಯುಗಾದಿಯ ಹೊತ್ತಿಗೆ ಅವ್ವನಿಗೆ ಗಂಟಲಿನ ಆಪರೇಷನ್ ಆಯಿತು. ದನಿ ಹೋಯಿತು, ಪಿಸುಮಾತು ಉಳಿಯಿತು. ಇನ್ನು ಆ ದನಿ ಇದ್ದದ್ದು ಪ್ರಪಂಚದಲ್ಲಿ ಒಂದೇ ಕಡೆ.

ಲ್ಯಾಪ್‌ಟಾಪಿನೊಳಗೆ ಅವಳು ಎಂದೂ ತೆರೆಯದ, ಹೆಸರಿನ ತಲೆಬುಡ ತಿಳಿಯದ ಫೈಲುಗಳು ರಾಶಿ ಬಿದ್ದಿದ್ದವು. ಒಂದೊಂದನ್ನೇ ಆರಿಸಿ ಅಳಿಸತೊಡಗಿದಳು. ಯಂತ್ರ ಬೇಡ ಎಂದಿತು. ಮತ್ತೆ ಒತ್ತಿದಳು. ನಿನಗೆ ಅನುಮತಿ ಇಲ್ಲ ಎಂದಿತು. ಅನುಮತಿಯನ್ನು ತನಗೆ ತಾನೇ ಕೊಟ್ಟುಕೊಂಡಳು. ಯೋಚಿಸಿದ್ದೀಯಾ ಎಂದು ಕೇಳಿತು. ಹೌದು ಎಂದು ಒತ್ತಿದಳು. ಆಮೇಲೆ ಯಂತ್ರ ಸುಮ್ಮನಾಯಿತು.

ಮರುದಿನ ಅದು ಏಳಲಿಲ್ಲ. ನೀಲಿ ಪರದೆ ಬಂತು, ಆರಿತು. ಮತ್ತೆ ನೀಲಿ ಪರದೆ ಬಂತು, ಮತ್ತೆ ಆರಿತು.

"ಅವ್ವಾ, ಲ್ಯಾಪ್‌ಟಾಪು ಕೆಟ್ಟೋಯ್ತು."

"ತಾನಾಗೇನಾ?"

ದಾಕ್ಷಾಯಿಣಿ ಹೊಳೆಯ ಕಡೆ ನೋಡಿದಳು. "ನಾನೇನೂ ತಪ್ಪು ಮಾಡಿಲ್ಲ. ನೀವು ಹಾಕಿಕೊಟ್ಟ ಪದ್ಧತಿ ಹೇಗಿದೆಯೋ ಹಾಗೇ ಮಾಡಿದ್ದು."

"ಒಳಗೆ ನನ್ನ ಮಾತಿತ್ತಲ್ಲ?"

"ಇದೆ. ತೆಗಿಯೋಕೆ ಆಗ್ತಿಲ್ಲ."

"ಹೋದ್ರೆ ಹೋಗ್ಲಿ ಬಿಡು."

"ನೀವು ಬೇಕಾದ್ರೆ ಬಿಡಿ. ನಾನು ಬಿಡೋಳಲ್ಲ."

ಅವ್ವ ನಕ್ಕರು. ಆ ನಗುವಿಗೂ ದನಿಯಿರಲಿಲ್ಲ.

ದಾಕ್ಷಾಯಿಣಿ ಲ್ಯಾಪ್‌ಟಾಪನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಪೇಟೆಯ ಬಸ್ಸು ಹತ್ತಿದಳು. ರಿಪೇರಿ ಅಂಗಡಿಯ ರೇವಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಏನ್ ಮಾಡಿದ್ರಕ್ಕಾ ಇದಕ್ಕೆ?"

"ಏನೂ ಮಾಡಿಲ್ಲ."

"ಏನೂ ಮಾಡದೆ ಇಷ್ಟು ಅಚ್ಚುಕಟ್ಟಾಗಿ ಕೆಡಲ್ಲ ಬಿಡಿ. ಯಂತ್ರ ಏಳೋಕೆ ಬೇಕಾದ ಫೈಲುಗಳೇ ಇಲ್ಲ. ಯಾರೋ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿದಾರೆ."

ದಾಕ್ಷಾಯಿಣಿ ಸೀರೆಯ ತುಂಡನ್ನು ಮಡಚತೊಡಗಿದಳು.

"ಎಲ್ಲ ಒರೆಸಿ ಹೊಸದಾಗಿ ಹಾಕಿಕೊಡ್ತೀನಿ. ಸಂಜೆಗೆ ರೆಡಿ."

"ಒರೆಸಿದ್ರೆ ಒಳಗಿರೋದು?"

"ಅದೂ ಹೋಗುತ್ತೆ."

"ಒರೆಸದೆ ಮಾಡಿ."

"ಅದಕ್ಕೆ ದಿನಗಟ್ಟಲೆ ಕೂರಬೇಕಕ್ಕ. ನನ್ನ ಹತ್ರ ಹದಿನೆಂಟು ಲ್ಯಾಪ್‌ಟಾಪು ಸಾಲಾಗಿ ಕಾಯ್ತಾ ಇವೆ."

"ನನ್ನ ಹತ್ರ ಇರೋದು ಒಂದೇ. ದಾರಿ ಹೇಳಿ, ನಾನೇ ಕೂರ್ತೀನಿ."

"ನೀವಾ?" ರೇವಣ್ಣ ನಕ್ಕ. ಅವಳು ನಗಲಿಲ್ಲ. ಅವನೂ ನಗು ನಿಲ್ಲಿಸಿದ.

ಒಂದು ಪೆನ್‌ಡ್ರೈವ್ ಕೊಟ್ಟ. ಒಂದು ಚೀಟಿಯಲ್ಲಿ ಒಂದು ಸಾಲು ಬರೆದುಕೊಟ್ಟ.

"ಇದರಲ್ಲಿ ಕೆಡದೇ ಇರೋ ಸಿಸ್ಟಮ್ ಇದೆ. ಲ್ಯಾಪ್‌ಟಾಪನ್ನ ಇದರಿಂದ ಎಬ್ಬಿಸಿ. ಹೊಸದಾಗಿ ಹಾಕಲಾ ಅಂತ ಕೇಳುತ್ತೆ. ಹೂಂ ಅಂದ್ರೆ ಮುಗೀತು ಕಥೆ, ಎಲ್ಲ ಹೋಯ್ತು. ರಿಪೇರಿ ಅನ್ನೋದನ್ನ ಒತ್ತಿ. ಕಪ್ಪು ಪರದೆ ಬರುತ್ತೆ. ಅಲ್ಲಿ ಈ ಸಾಲು ಬರೀರಿ. ಯಾವ ಫೈಲು ಇಲ್ಲ, ಯಾವುದು ಕೆಟ್ಟಿದೆ ಅಂತ ಅದೇ ನೋಡಿ ತುಂಬಿಸುತ್ತೆ."

ಮರುದಿನ ಬೆಳಿಗ್ಗೆ ಅವಳು ಪೆನ್‌ಡ್ರೈವ್ ಹಿಡಿದು ಜಗಲಿಗೆ ಬಂದಾಗ ಅವ್ವ ಅಡ್ಡ ನಿಂತಿದ್ದರು.

"ಮೊದಲು ರಾಗಿ ಬೀಸು."

"ಅವ್ವಾ, ಇವತ್ತು..."

"ಬೀಸು."

ದಾಕ್ಷಾಯಿಣಿ ಸೆರಗು ಸಿಕ್ಕಿಸಿಕೊಂಡು ಕೂತಳು. ರಾಗಿ ಹಾಕಿ ಕಲ್ಲು ತಿರುಗಿಸಿದಳು. ಮೇಲಿನ ಕಲ್ಲು ಪಕ್ಕಕ್ಕೆ ಜಾರಿತು. ಎಳೆದು ಕೂರಿಸಿ ಮತ್ತೆ ತಿರುಗಿಸಿದಳು. ಈ ಸಲ ಅದು ಅವಳ ಮೊಣಕಾಲಿಗೇ ಬಂತು. ರಾಗಿಯೆಲ್ಲ ಇಡಿ ಇಡಿಯಾಗಿ ನೆಲದ ಮೇಲೆ ಚೆಲ್ಲಿತು.

ಬಗ್ಗಿ ನೋಡಿದಳು. ಕೆಳಗಿನ ಕಲ್ಲಿನ ನಡುವೆ ಬರಿಯ ತೂತಿತ್ತು.

"ಕೀಲು ಎಲ್ಲಿ?"

ಅವ್ವ ಅಂಗೈ ಬಿಚ್ಚಿದರು. ಗೇಣುದ್ದ ಇಲ್ಲ, ಬೆರಳುದ್ದದ ಒಂದು ಕಬ್ಬಿಣದ ಚೂರು.

"ಇದನ್ನ ಒಂದು ದಿನವಾದ್ರೂ ಮುಟ್ಟಿದ್ದೀಯಾ?"

"ಇಲ್ಲ."

"ಮೂರು ವರ್ಷದಲ್ಲಿ?"

"ಅದನ್ನ ಯಾಕೆ ಮುಟ್ಟಲಿ ಅವ್ವಾ? ಅದರ ಸುತ್ತ ಬೀಸ್ತೀವಿ ಅಷ್ಟೆ."

ಹೇಳಿದ ಮೇಲೆ ಅವಳು ಲ್ಯಾಪ್‌ಟಾಪಿನ ಕಡೆ ತಿರುಗಿದಳು.

ಅವ್ವ ಕೀಲನ್ನು ಅದರ ತೂತಿನಲ್ಲಿಟ್ಟು, ಚೆಲ್ಲಿದ ರಾಗಿಯನ್ನು ಬಳಿಯಲು ಕೂತರು.

ದಾಕ್ಷಾಯಿಣಿ ಪೆನ್‌ಡ್ರೈವ್ ಚುಚ್ಚಿದಳು. ಯಂತ್ರ ಎದ್ದಿತು. ಹೊಸದಾಗಿ ಹಾಕಲಾ ಎಂದಿತು. ರಿಪೇರಿ ಎಂದಳು. ಕಪ್ಪು ಪರದೆ ಬಂತು. ಚೀಟಿ ನೋಡಿ ಅಕ್ಷರ ಅಕ್ಷರವಾಗಿ ಸಾಲು ಬರೆದಳು. ಯಂತ್ರ ಹುಡುಕಿತು, ಕೊನೆಗೆ ಉತ್ತರ ಕೊಟ್ಟಿತು.

ಯಾವ ದೋಷವೂ ಕಂಡುಬಂದಿಲ್ಲ.

ಪೆನ್‌ಡ್ರೈವ್ ತೆಗೆದು ನೋಡಿದಳು. ನೀಲಿ ಪರದೆ, ಆರಿತು.

ಮತ್ತೆ ಬರೆದಳು. ದೋಷವಿಲ್ಲ. ಮಧ್ಯಾಹ್ನದ ಹೊತ್ತಿಗೆ ಏಳು ಸಲ ಬರೆದಿದ್ದಳು. ಏಳು ಸಲವೂ ದೋಷವಿಲ್ಲ.

"ಸುಳ್ಳು ಬೊಗಳ್ತಿದೆ ಅವ್ವಾ ಇದು! ಮೈಯೆಲ್ಲ ಕೆಟ್ಟು ಬಿದ್ದಿದೆ, ಏನೂ ಆಗಿಲ್ಲ ಅಂತದೆ."

ಅವ್ವ ಬಂದು ಪಕ್ಕದಲ್ಲಿ ಕೂತರು. "ಕೈ ಕೊಡು. ನಾಡಿ ನೋಡ್ತೀನಿ."

"ನನಗೇನಾಗಿದೆ?"

"ಕೊಡು ಅಂದೆ."

ಕೈ ಚಾಚಿದಳು. ಅವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳನ್ನು ತಮ್ಮದೇ ಇನ್ನೊಂದು ಮುಂಗೈಗೆ ಒತ್ತಿ ಕಣ್ಣು ಮುಚ್ಚಿದರು. ಬಹಳ ಹೊತ್ತು ಎಣಿಸಿದರು.

"ನಿನಗೇನೂ ಇಲ್ಲ ಕಣೇ. ಗುಂಡುಕಲ್ಲಿನ ಹಾಗಿದ್ದೀಯ."

"ಅವ್ವಾ, ಅದು ನಿಮ್ಮ ಕೈ!"

"ಹೌದಾ?" ಎಂದರು ಅವ್ವ. ಎದ್ದು ಹೋದರು.

ದಾಕ್ಷಾಯಿಣಿ ಚಾಚಿದ ಕೈ ಹಾಗೇ ಇಟ್ಟುಕೊಂಡು ಪರದೆಯನ್ನು ನೋಡಿದಳು. ಪೆನ್‌ಡ್ರೈವಿನಿಂದ ಎದ್ದದ್ದು ಪೆನ್‌ಡ್ರೈವನ್ನೇ ನೋಡಿಕೊಂಡು, ನಾನು ಚೆನ್ನಾಗಿದ್ದೇನೆ ಎನ್ನುತ್ತಿತ್ತು. ಕೆಟ್ಟ ಮನೆ ಎಲ್ಲಿದೆ ಎಂದು ಅದಕ್ಕೆ ಅವಳು ಹೇಳಿಯೇ ಇರಲಿಲ್ಲ.

ಸಾಲು ತಿದ್ದಲು ಕೈ ಎತ್ತಿದಳು. ಇಳಿಸಿದಳು. ಎದ್ದು ಒಳಗೆ ಹೋದಳು.

"ಅವ್ವಾ."

"ಏನು?"

"ಅದು ಬೇಡ ಅಂತು. ಮೂರು ಸಲ ತಡೀತು. ಗೊತ್ತಿದ್ದೂ ನಾನೇ ಒತ್ತಿದೆ. ಪದ್ಧತಿ ಮೇಲೆ ಹಾಕಿ ತಪ್ಪಿಸಿಕೊಂಡೆ."

ಅವ್ವ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ದೋಷ ಈಗ ಸಿಕ್ತಲ್ಲ. ಹೋಗು, ಕೂರು."

ಹುಡುಕಿದಳು. ಅವಳಿಗೆ ಗೊತ್ತಿದ್ದಂತೆ ಲ್ಯಾಪ್‌ಟಾಪಿನ ಮನೆ ಸಿ ಎಂಬ ಅಕ್ಷರದಲ್ಲಿತ್ತು. ಪೆನ್‌ಡ್ರೈವಿನಿಂದ ನೋಡಿದರೆ ಅದೇ ಮನೆ ಡಿ ಆಗಿತ್ತು. ರೇವಣ್ಣನ ಸಾಲಿಗೆ ಆ ವಿಳಾಸ ಸೇರಿಸಿ ಬರೆದಳು.

ಈ ಸಲ ಯಂತ್ರ ನಿಧಾನವಾಯಿತು. ನೂರಕ್ಕೆ ಹತ್ತು. ಇಪ್ಪತ್ತು. ನಲವತ್ತರಲ್ಲಿ ನಿಂತುಬಿಟ್ಟಿತು. ಅವಳೂ ಅಲ್ಲೇ ನಿಂತಳು. ಅವ್ವ ಮುದ್ದೆ ತಂದಿಟ್ಟರು. ಎಡಗೈಯಲ್ಲಿ ಲ್ಯಾಪ್‌ಟಾಪು ಹಿಡಿದುಕೊಂಡೇ ಉಂಡಳು.

ನೂರಾಯಿತು. ದೋಷಗಳು ಸಿಕ್ಕಿವೆ. ಕೆಲವನ್ನು ಸರಿಪಡಿಸಲಾಗಲಿಲ್ಲ.

ಮತ್ತೆ ಬರೆದಳು. ಮತ್ತೆ ಕೆಲವು ಉಳಿದವು.

"ಸಾಕು ಮಾಡ್ತೀಯಾ?" ಅವ್ವ ಕೇಳಿದರು.

"ಅದು ನನಗೆ ಮೂರು ಸಲ ಹೇಳಿತ್ತು. ನಾನೂ ಅದಕ್ಕೆ ಮೂರು ಸಲ ಕೇಳ್ತೀನಿ. ಆಗ್ಲಿಲ್ಲ ಅಂದ್ರೆ ಮೂವತ್ತು ಸಲ."

ಮೂರನೇ ಸಲಕ್ಕೆ ಎಲ್ಲ ತುಂಬಿತು.

ಪೆನ್‌ಡ್ರೈವ್ ಕಿತ್ತಳು. ಗುಂಡಿ ಒತ್ತಿದಳು. ಪರದೆ ಕಪ್ಪಾಗಿಯೇ ಇತ್ತು. ಪರದೆ ಬೆಳಗಿತು, ನೀಲಿಯಾಗಲಿಲ್ಲ. ಹಿಂದೆ ಅವಳೇ ಹಾಕಿಟ್ಟಿದ್ದ ಹೊಳೆಯ ಚಿತ್ರ ಮೂಡಿತು.

"ಅವ್ವಾ! ಬನ್ನಿ! ಎಲ್ಲ ಇದೆ!"

ಮೊಟ್ಟಮೊದಲು ಹಿಡಿದಿಟ್ಟ ಮಾತನ್ನು ತೆರೆದಳು. ಅವ್ವನ ಹಳೆಯ ದನಿ, ಹೊಳೆಯ ಆಚೆ ದಡಕ್ಕೂ ಕೇಳುವಷ್ಟು ತುಂಬಿದ ದನಿ, ಜಗಲಿಯಲ್ಲಿ ಹರಡಿತು.

"ಹೆಸರು ಗೊತ್ತಿಲ್ಲದ್ದು ಮನೆಯಲ್ಲಿದ್ದರೆ ಅದು ಕಸ. ಕಸಕ್ಕೆ ಕನಿಕರ ಬೇಡ. ಎರಡು ಸಲ ಯೋಚಿಸಬೇಡಿ, ತೆಗೆದು ಹೊರಗಿಡಿ."

ಅವ್ವ ತಲೆ ವಾಲಿಸಿ ಕೊನೆಯವರೆಗೂ ಕೇಳಿದರು.

"ಯಾರೇ ಅವಳು?" ಎಂದು ಪಿಸುಗುಟ್ಟಿದರು. "ಎಲ್ಲಾ ತಿಳಿದೋಳ ಹಾಗೆ ಮಾತಾಡ್ತಾಳಲ್ಲ!"

ದಾಕ್ಷಾಯಿಣಿ ನಕ್ಕಳು. ಕಣ್ಣು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ಇದೊಂದನ್ನ ಅಳಿಸಿಬಿಡಲಾ ಅವ್ವಾ?"

ಅವ್ವ ಅವಳ ಕೈಯನ್ನು ಗುಂಡಿಯಿಂದ ಎತ್ತಿ ಪಕ್ಕಕ್ಕಿಟ್ಟರು.

"ಬೇಡ ಕಣೇ. ಇದರ ಸುತ್ತ ಇಷ್ಟು ವರ್ಷ ಏನೇನು ಬೀಸಿದ್ದೀವೋ, ಯಾರಿಗೆ ಗೊತ್ತು."