ಸೂಸಾನಮ್ಮನ ಅಳತೆಯ ಚಿಲುಮೆ

ಈ ಸೀಮೆಗೆ ಗಾಡಿದಾರಿ ಇನ್ನೂ ಬಾರದಿದ್ದ, ಜ್ವರಕ್ಕೆ ಕಷಾಯವನ್ನೂ ಕಷಾಯಕ್ಕೆ ಬಗ್ಗದ ಜ್ವರಕ್ಕೆ ಪ್ರಾರ್ಥನೆಯನ್ನೂ ಬಿಟ್ಟರೆ ಮೂರನೆಯ ಮದ್ದನ್ನು ಜನರು ಅರಿಯದಿದ್ದ ಕಾಲದಲ್ಲಿ, ಹದ್ದಿನಕಲ್ಲು ಎಂಬ ಬೋಳುಗುಡ್ಡದ ತೆಂಕಣ ಮಗ್ಗುಲಲ್ಲಿ ಹನ್ನೊಂದು ಕ್ರೈಸ್ತ ಕುಟುಂಬಗಳು ಕಲ್ಲು ಒಡೆದು, ನೂಲು ತೆಗೆದು, ಸರ್ವೇಶ್ವರನ ಭಯಭಕ್ತಿಯಲ್ಲಿ ಬಾಳುತ್ತಿದ್ದವು. ಆ ಪಾಳ್ಯಕ್ಕೆ ಎರಡು ಕೊರತೆಗಳಿದ್ದವು: ಅಲ್ಲಿಯೇ ನೆಲೆಸಿದ ಗುರುಗಳಿರಲಿಲ್ಲ, ನೀರಿರಲಿಲ್ಲ. ಗುರುಗಳು ಯೇಸುವಿನ ಪುನರುತ್ಥಾನದ ಪಾಸ್ಖ ಹಬ್ಬದ ತರುವಾಯ ಒಮ್ಮೆ, ಕ್ರಿಸ್ತಜಯಂತಿಗೆ ಮುನ್ನ ಒಮ್ಮೆ ಕುದುರೆಯೇರಿ ಬಂದು, ಪೂಜೆ ಅರ್ಪಿಸಿ, ಎರಡು ದಿನ ತಂಗಿ ಹೋಗುತ್ತಿದ್ದರು. ನೀರನ್ನು ಹೆಂಗಸರು ದನ ಮೀಯುವ ಕಟ್ಟೆಯಿಂದ ಹೊತ್ತು ತರುತ್ತಿದ್ದರು. ತಗ್ಗಿನಲ್ಲಿ ಮೂರು ಕಡೆ ಬಾವಿ ತೋಡಿದ್ದುಂಟು. ಮೂರರಲ್ಲಿಯೂ ಸಿಕ್ಕಿದ್ದು ಬಂಡೆ.

ಆ ಪಾಳ್ಯದಲ್ಲಿ ಮಗಿಮಮ್ಮ ಎಂಬ ವಿಧವೆ ನೂಲಿಗೂ ನಾಲಗೆಗೂ ಹೆಸರಾಗಿದ್ದಳು. ಆಕೆ ರಾಟೆಯ ಮುಂದೆ ಕುಳಿತರೆ ನೂಲೂ ತುಂಡಾಗುತ್ತಿರಲಿಲ್ಲ, ಮಾತೂ ತುಂಡಾಗುತ್ತಿರಲಿಲ್ಲ. ಒಬ್ಬನೇ ಮಗ ಇನ್ನಾಸಪ್ಪ ಕಲ್ಲುಕುಟಿಗ, ಮಾತು ಕಡಿಮೆ. ಸೊಸೆ ಸೂಸಾನಮ್ಮ ಆ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಅತ್ತೆಯ ಅಡುಗೆಗೆ ಉಪ್ಪು ಸಾಲದೆಂದು ಬಂದ ದಿನವೇ ಹೇಳಿದವಳು, ಆಮೇಲೆ ದಿನಬಿಟ್ಟು ದಿನ ಹೇಳುತ್ತಲೇ ಇದ್ದಳು.

"ಅಷ್ಟು ಉಪ್ಪು ಬೇಕಿದ್ರೆ ನೀನು ಸಮುದ್ರದ ದಂಡೇಲಿ ಹುಟ್ಟಬೇಕಾಗಿತ್ತು ಕಣೇ," ಎಂಬುದು ಮಗಿಮಮ್ಮನ ನಿತ್ಯದ ಉತ್ತರ.

ಒಂದು ಬೇಸಿಗೆಯಲ್ಲಿ ಸೂಸಾನಮ್ಮನಿಗೆ ಜ್ವರ ಹಿಡಿಯಿತು. ಮೊದಲ ವಾರ ನಡೆದಾಡಿದಳು, ಎರಡನೆಯ ವಾರ ಕುಳಿತಳು, ಮೂರನೆಯ ವಾರ ಮಲಗಿದಳು. ಪಂಡಿತರು ನಾಡಿ ಹಿಡಿದು ನೋಡಿ, ಕಷಾಯದ ಗಂಟನ್ನು ಬಿಚ್ಚದೆಯೇ ಮರಳಿ ಹೊರಟರು. ಆದರೂ ಮಗಿಮಮ್ಮ ಹೆದರಿದ್ದು ಆಗ ಅಲ್ಲ. ಉಪ್ಪು ಹಾಕಲು ಮರೆತ ಗಂಜಿಯನ್ನು ಸೊಸೆ ಒಂದು ಮಾತೂ ಆಡದೆ ನುಂಗಿದಳಲ್ಲ, ಆಗ.

ಅಂದೇ ಆಕೆ ದೇವಮಾತೆಯ ಪಟದ ಮುಂದೆ ಮೊಣಕಾಲೂರಿ ಹರಕೆ ಹೊತ್ತಳು. ರೋಗಿಯ ಆಳುದ್ದಕ್ಕೆ ನೂಲು ಅಳೆದು, ಅದನ್ನೇ ಬತ್ತಿಯಾಗಿಸಿ, ಜೇನುಮೇಣ ಸುರಿದು, ಅಷ್ಟೇ ಎತ್ತರದ ಮೇಣದ ಬತ್ತಿಯನ್ನು ಪೂಜೆಯಲ್ಲಿ ಉರಿಸುವುದು ಆ ಪಾಳ್ಯದವರ ಕಟ್ಟಕಡೆಯ ಹರಕೆ. ಮಗಿಮಮ್ಮ ತಾನೇ ತೆಗೆದ ಹತ್ತಿಯ ನೂಲನ್ನು ನಾಲ್ಕೆಳೆ ಹೊಸೆದು, ಸೊಸೆಯ ನೆತ್ತಿಯಿಂದ ಹಿಮ್ಮಡಿಯವರೆಗೆ ಹಿಡಿದಳು.

ಸೂಸಾನಮ್ಮ ಅರ್ಧ ಕಣ್ಣು ತೆರೆದು, "ಹೊಸ ಸೀರೆಗಾ ಅತ್ತೆ?" ಎಂದಳು.

"ಬಾಯಿ ಮುಚ್ಚಿ ಮಲಕ್ಕೋ. ಕಾಲು ನೆಟ್ಟಗೆ ಮಾಡು, ಅಳತೆ ತಪ್ಪುತ್ತೆ."

ಅಳೆದ ನೂಲನ್ನು ಪಟದ ಕೆಳಗಿನ ಗೂಟಕ್ಕೆ ಸಿಕ್ಕಿಸಿದಳು. ಮೇಣ ಕೂಡಿಸಲು ಇನ್ನೊಂದು ದಿನ ಬೇಕಾಗಿತ್ತು.

ಆ ಸಂಜೆಯೇ ಗುರುಗಳು ಬಂದರು. ಫ್ರಾನ್ಸ್ ದೇಶದವರು, ಕನ್ನಡವನ್ನು ಪುಸ್ತಕದಿಂದ ಕಲಿತು, ಪುಸ್ತಕದಂತೆಯೇ ಆಡುತ್ತಿದ್ದರು. ರೋಗಿಗೆ ಪವಿತ್ರ ತೈಲ ಲೇಪಿಸಿ, ಸಾವಿನಂಚಿನಲ್ಲಿರುವವರಿಗೆ ಸಲ್ಲಿಸುವ ಕಡೆಯ ಸಂಸ್ಕಾರವನ್ನು ನೆರವೇರಿಸಿದ ಮೇಲೆ ಇನ್ನಾಸಪ್ಪನನ್ನು ಹೊರಗೆ ಕರೆದು ಹೇಳಿದರು: "ಮಗನೇ, ನಾನು ನಾಡಿದ್ದು ಹೊರಡಬೇಕು. ಮತ್ತೆ ಬರಲು ಏಳು ತಿಂಗಳು. ನಿಮ್ಮ ಹೊಸ ಸಮಾಧಿ ಭೂಮಿಗೆ ಇನ್ನೂ ಆಶೀರ್ವಾದವಾಗಿಲ್ಲ. ನಿನ್ನ ಪತ್ನಿಯು ಮಂತ್ರಿಸದ ಮಣ್ಣಿನಲ್ಲಿ ಮಲಗುವುದು ಬೇಡ. ನಾಳೆ ಗುಣಿಯನ್ನು ತೋಡಿಸು. ನಾನು ಮಂತ್ರಿಸಿ ಹೋಗುತ್ತೇನೆ."

ಅದು ಕರುಣೆಯ ಮಾತೇ ಆಗಿತ್ತು. ಹಿಂದಿನ ವರ್ಷವಷ್ಟೇ ಗುಡ್ಡದ ಇಳಿಜಾರಿನಲ್ಲಿ ಸಮಾಧಿಗೆಂದು ಹೊಸ ಜಾಗ ಗುರುತಿಸಿದ್ದರು. ಅದರಲ್ಲಿ ಇನ್ನೂ ಯಾರನ್ನೂ ಮಣ್ಣು ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಮಗಿಮಮ್ಮ ಮೇಣ ಕರಗಿಸಿ, ನೂಲು ತೆಗೆಯಲು ಪಟದ ಬಳಿ ಹೋದಳು. ಗೂಟ ಬರಿದಾಗಿತ್ತು. ಹಾಸಿಗೆಯ ಕೆಳಗೆ, ರಾಟೆಯ ಹಿಂದೆ, ಒಲೆಯ ಸಂದಿಯಲ್ಲಿ ಎಲ್ಲ ಹುಡುಕಿದಳು. ಹಾರೆಯೂ ಮೂಲೆಯಲ್ಲಿರಲಿಲ್ಲವೆಂದು ಕಂಡಾಗ, ನೂಲು ಗುಣಿ ತೋಡುವಲ್ಲಿಗೆ ಹೋಗಿದೆಯೆಂದು ಆಕೆಗೆ ತಿಳಿಯಿತು. ಸೊಸೆಯ ಬಳಿ ನೆರೆಯವಳನ್ನು ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅರವತ್ತು ದಾಟಿದ ಆ ಮುದುಕಿ ಇಳಿಜಾರನ್ನು ಓಡುತ್ತಲೇ ಹತ್ತಿದಳು.

ಇನ್ನಾಸಪ್ಪನೂ ನೆರೆಮನೆಯ ರಾಯಪ್ಪನೂ ಎದೆಯಾಳ ತೋಡಿ ಮೇಲೆ ಬಂದು ನಿಂತಿದ್ದರು. ತಳದಲ್ಲಿ ಅಳತೆ ಕಿರಿದಾಗಿಲ್ಲವೆಂದು ನೋಡಲು ಎರಡು ಗೂಟ ಹೊಡೆದು ನೂಲು ಬಿಗಿದಿದ್ದರು.

"ಲೋ ಇನ್ನಾಸಾ! ಆ ನೂಲು ಯಾತಕ್ಕೆ ಅಳೆದದ್ದು ಅಂತ ಕೇಳಿದ್ಯೇನೋ ನನ್ನ? ಅದು ಹರಕೆ ನೂಲು!"

ಮಗನ ಕಣ್ಣು ಕೆಂಪಾಗಿತ್ತು. "ನಂಗೆ ಗೊತ್ತಿರ್ಲಿಲ್ಲ ಅವ್ವ. ಗುಣಿಗೇ ಅಳೆದಿಟ್ಟಿದ್ದೀ ಅಂದ್ಕೊಂಡೆ. ಬತ್ತಿಗಾದ್ರೂ ಗುಣಿಗಾದ್ರೂ ಅಳತೆ ಒಂದೇ ಅಲ್ವಾ?"

ಮಗಿಮಮ್ಮ ಅಂಚಿನಲ್ಲಿ ಬಗ್ಗಿ ಬಿಗಿದ ನೂಲನ್ನು ನೋಡಿದಳು.

"ಅಳತೆ ಒಂದೇ ಕಣೋ," ಎಂದಳು. "ಆದ್ರೆ ನಾನು ಅಳೆದದ್ದು ಅವಳು ಏಳ್ಲಿ ಅಂತ. ಇಳಿಸು ನನ್ನ. ನಾನೇ ಬಿಚ್ಕೊಂಡು ಬರ್ತೀನಿ."

"ಬದುಕಿರೋರು ಗುಣಿಗಿಳಿಯೋದು ಅಪಶಕುನ, ಮಗಿಮಕ್ಕ," ಎಂದ ರಾಯಪ್ಪ.

"ಅಪಶಕುನ ನಂಬೋದು ಪಾಪ ಅಂತ ಸ್ವಾಮೇರು ಹೋದ ಸಲ ಬಂದಾಗ ತಾನೆ ಪ್ರಸಂಗದಲ್ಲಿ ಹೇಳಿದ್ರು. ನಿದ್ದೆ ಹೊಡೀತಿದ್ಯಾ? ಹಿಡಿ ಕೈಯ."

ಗುರುಗಳ ಮಾತನ್ನು ಮೀರಲು ಆಕೆ ಬಂದಿರಲಿಲ್ಲ. ಗುಣಿ ಇದ್ದರೆ ಇರಲಿ, ನೂಲು ಮಾತ್ರ ಅದರಲ್ಲಿ ಇರಬಾರದು. ದೇವಮಾತೆಗೆ ಕೊಟ್ಟ ಮಾತನ್ನು ಮಣ್ಣಿಗೆ ಕೊಡಬಾರದು. ಅಷ್ಟೇ ಆಕೆಯ ಮನಸ್ಸಿನಲ್ಲಿದ್ದದ್ದು. ಕಾಲಿನ ಕಡೆಯ ಗೂಟ ಕಿತ್ತಳು. ತಲೆಯ ಕಡೆಯದನ್ನು ಕೀಳುವಾಗ ನೂಲು ಬೆರಳಿಗೆ ತಣ್ಣಗೆ ತಗುಲಿತು. ಹಿಂಡಿದಳು. ಹನಿ ಬಿತ್ತು.

"ಇದೇನೋ, ನಿನ್ನ ಬೆವರಾ?"

"ಬೆವರು ಅಷ್ಟಿರಲ್ಲ ಅವ್ವ," ಎಂದು ಇನ್ನಾಸಪ್ಪ ಕೆಳಗೆ ಹಾರಿದ. ಗೂಟ ಕಿತ್ತ ಜಾಗಕ್ಕೆ ಹಾರೆಯಿಂದ ಒಂದೇಟು, ಎರಡೇಟು, ಮೂರನೆಯ ಏಟು. ಹಾಸುಗಲ್ಲಿನ ಚಕ್ಕೆಯೊಂದು ಎದ್ದಿತು. ಅದರ ಬಿರುಕಿನಿಂದ ನೀರು ಉಕ್ಕಿತು. ಆಕಾಶದಿಂದ ಯಾವ ವಾಣಿಯೂ ಆಗಲಿಲ್ಲ. ಮೇಲೆ ನಿಂತ ರಾಯಪ್ಪನೇ ಕೂಗಿಕೊಂಡ: "ಬಾವಿ ತೋಡಿದ್ರೆ ಬಂಡೆ, ಗುಣಿ ತೋಡಿದ್ರೆ ನೀರು! ನಮ್ಮ ಕೈಗುಣವೇ ತಿರುಗುಮುರುಗು ಕಣಪ್ಪೋ!"

ಗುರುಗಳು ಬಿಳಿಯ ಮೇಲಂಗಿ ತೊಟ್ಟು, ತೀರ್ಥದ ಪಾತ್ರೆ, ಪ್ರಾರ್ಥನೆಯ ಪುಸ್ತಕದೊಂದಿಗೆ ಬರುವ ಹೊತ್ತಿಗೆ ಗುಣಿಯಲ್ಲಿ ಮೊಣಕಾಲು ನೀರು ನಿಂತಿತ್ತು. ಮಗಿಮಮ್ಮ ಒದ್ದೆ ಸೀರೆಯಲ್ಲಿ ಅಂಚಿನ ಮೇಲೆ ಕೈಮುಗಿದು ನಿಂತಿದ್ದಳು. ಮುಗಿದ ಕೈಗಳ ನಡುವೆ ನೂಲಿತ್ತು.

"ಸ್ತೋತ್ರ ಸ್ವಾಮಿ. ಇದ್ರಲ್ಲಿ ಹೂಳೋಕಾಗಲ್ಲ. ಕುಡಿಯೋಕಾಗುತ್ತೆ."

ಗುರುಗಳು ಬಾಗಿ ನೀರನ್ನು ನೋಡಿದರು. ಬಳಿಕ ಪುಸ್ತಕದಲ್ಲಿ ಬೆರಳಿಟ್ಟಿದ್ದ ಸಮಾಧಿಯ ಪುಟವನ್ನು ಬಿಟ್ಟು, ಹಾಳೆಗಳನ್ನು ಹಿಂದಕ್ಕೆ ಮಗುಚಿ, ಹೊಸ ನೀರನ್ನು ಆಶೀರ್ವದಿಸುವ ಪ್ರಾರ್ಥನೆಯನ್ನು ಓದಿದರು.

"ತಾಯೀ," ಎಂದರು ಮುಗಿಸಿ, "ರೋಗಿಗೆ ಇನ್ನು ಕಟ್ಟೆಯ ನೀರು ಒಂದು ಹನಿಯೂ ಬೇಡ. ಇದನ್ನೇ ಕಾಯಿಸಿ, ಆರಿಸಿ, ಗುಟುಕು ಗುಟುಕಾಗಿ ಕೊಡಿ. ಮತ್ತು ಪ್ರಾರ್ಥಿಸಿ. ಎರಡನ್ನೂ ಮಾಡಿ."

ಅವರು ಎರಡನ್ನೂ ಮಾಡಿದರು. ಆ ರಾತ್ರಿ ಆಳುದ್ದದ ಬತ್ತಿ ಸಿದ್ಧವಾಯಿತು. ನೂಲಿನ ತಲೆಯ ಕಡೆ ಇನ್ನೂ ತೇವವಿದ್ದುದರಿಂದ, ಮರುದಿನ ಮುಂಜಾನೆಯ ಪೂಜೆಯಲ್ಲಿ ಅದು ಚಟಚಟನೆ ಸಿಡಿದು, ಇನ್ನೇನು ನಂದಿತೆನ್ನುವಾಗ ಹೊತ್ತಿಕೊಂಡಿತು. ಗುರುಗಳು ಹೊರಟುಹೋದರು. ಮನೆಯವರು ಹಾಸಿಗೆಯ ಸುತ್ತ ಕುಳಿತು ಒಂಬತ್ತು ದಿನ ಜಪಸರ ಹೇಳಿದರು. ಆರನೆಯ ದಿನ ಜ್ವರ ಏರಿದಾಗ ಇನ್ನಾಸಪ್ಪನ ದನಿ ನಿಂತಿತು. ತಾಯಿ ಅವನ ಪಾಲಿನ ಜಪವನ್ನೂ ತಾನೇ ಹೇಳಿದಳು. ಒಂಬತ್ತನೆಯ ದಿನ ಬೆಳಗಿನ ಜಾವ ಸೂಸಾನಮ್ಮನ ಮೈ ಬೆವೆತು ತಣ್ಣಗಾಯಿತು. ಮಧ್ಯಾಹ್ನ ನಾಲ್ಕು ಗುಟುಕು ಗಂಜಿ ಕುಡಿದಳು. ಐದನೆಯದಕ್ಕೆ ಮುಖ ತಿರುಗಿಸಿದಳು.

"ಯಾಕೇ? ಸೇರಲ್ವಾ?" ಎಂದು ಮಗಿಮಮ್ಮ ಬೆದರಿ ಕೇಳಿದಳು.

"ಉಪ್ಪು ಸಾಲ್ದು, ಅತ್ತೆ."

ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಮಗಿಮಮ್ಮ ಎದುರಾಡದೆ ಎದ್ದು ಹೋಗಿ ಉಪ್ಪು ತಂದಳು. ಒಲೆಯ ಬಳಿ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದಳೆಂದು ನೆರೆಯವಳು ಆಮೇಲೆ ಹೇಳುತ್ತಿದ್ದಳು.

ಧರ್ಮಸಭೆಯು ಇದನ್ನು ಪವಾಡವೆಂದು ಘೋಷಿಸಿಲ್ಲ; ಘೋಷಿಸಬೇಕೆಂದು ಮಗಿಮಮ್ಮನೂ ಕೇಳಲಿಲ್ಲ. ಇನ್ನಾಸಪ್ಪ ಚಿಲುಮೆಯ ಸುತ್ತ ತಾನೇ ಕಲ್ಲು ಕಡೆದು ಕೂರಿಸಿದನು. ಅಗಲಿಸೋಣವೆಂದು ಪಾಳ್ಯದವರೆಲ್ಲ ಹೇಳಿದರೂ ಒಪ್ಪಲಿಲ್ಲ. ಆ ನೂಲಿನ ಉದ್ದಕ್ಕೇ ಬಿಟ್ಟನು. ಇಂದಿಗೂ ಅದು ಅಷ್ಟೇ ಇದೆ. ಕಡುಬೇಸಿಗೆಯಲ್ಲಿಯೂ ಬತ್ತಿದ್ದನ್ನು ಕಂಡವರಿಲ್ಲ. ಪಾಸ್ಖ ಹಬ್ಬದ ಎರಡನೆಯ ಭಾನುವಾರ ಭಕ್ತರು ತಮ್ಮ ರೋಗಿಗಳ ಆಳುದ್ದದ ನೂಲನ್ನು ತಂದು, ತಲೆಯ ಕಡೆಯನ್ನು ಮಾತ್ರ ನೀರಿನಲ್ಲಿ ಅದ್ದಿ, ಬತ್ತಿ ಮಾಡಿ ಉರಿಸುತ್ತಾರೆ. ನೂಲನ್ನು ಮನೆಯಲ್ಲಿಯೇ, ರೋಗಿಯ ಪಕ್ಕದಲ್ಲಿಯೇ ಅಳೆಯತಕ್ಕದ್ದು. ಅಂದಾಜಿನಲ್ಲಿ ಕತ್ತರಿಸಿ ತರಬಾರದು. ಯಾರ ರೋಗಿಗಳು ಉಳಿಯಲಿಲ್ಲವೋ ಅವರೂ ಮರುವರ್ಷ ಬಂದು ಬತ್ತಿ ಹಚ್ಚುವುದುಂಟು. ಅವರಿಗೆ ಇತರರು ದಾರಿ ಬಿಟ್ಟು ಕೊಡುತ್ತಾರೆ.

ಚಿಲುಮೆಯ ತಲೆಯ ಕಡೆ, ಅಂಚಿನಿಂದ ನಾಲ್ಕು ಬೆರಳು ಈಚೆಗೆ, ಪಕ್ಕದ ಕಲ್ಲಿನಲ್ಲಿ ಒಂದು ಕಚ್ಚು ಕಾಣುತ್ತದೆ. ಯಾತ್ರಿಕರು ಅದನ್ನು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾರೆ. ಸೂಸಾನಮ್ಮ ಮೊಮ್ಮಕ್ಕಳನ್ನು ಕಂಡು, ಬೆನ್ನು ಬಾಗಿ, ಎಂಬತ್ತೊಂದನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದಾಗ, ಅವಳ ಗುಣಿಗೆಂದು ಅಳೆದ ನೂಲನ್ನು ಅವಳ ಮಗನು ಮೊದಲು ಇಲ್ಲಿಗೆ ತಂದು ಚಿಲುಮೆಯ ಉದ್ದಕ್ಕೆ ಹಿಡಿದು ನೋಡಿದನು. ನೂಲು, ಅವನು ಆಮೇಲೆ ಕಚ್ಚು ಹಾಕಿದ ಆ ಜಾಗದವರೆಗೆ ಮಾತ್ರ ಬಂದಿತು.