ಮುಳ್ಳು ನೋಡಿ ಹಾರಿದವನು

"ಬುದ್ಧಿ, ಕಣ್ಣು ಮುಚ್ಚಿ ಕೂತರೆ ಈಗ ನನಗೆ ಮನಸ್ಸು ನಿಲ್ಲುತ್ತದೆ. ಇದು ನಿಜವಾದದ್ದೋ, ನಿಜದ ನಕಲೋ? ನಕಲಾದರೆ, ನಿಜಕ್ಕೆ ಎಷ್ಟು ಹತ್ತಿರದ ನಕಲು?"

ಹೀಗೆ ಮಠದ ಗುರುಗಳನ್ನು ಕೇಳಿದವನು ರುದ್ರಮುನಿ. ಮಠಕ್ಕೆ ಬರುವ ಮೊದಲು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವನು. ಅಳೆಯದೆ ಯಾವುದನ್ನೂ ಬಿಟ್ಟವನಲ್ಲ. ಗುರುಗಳು ಬಿಸಿಲಿಗೆ ಬೆನ್ನು ಕೊಟ್ಟು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ನಿನ್ನ ಪ್ರಶ್ನೆಯನ್ನೇ ಇನ್ನೊಬ್ಬ ಕೇಳಿದ್ದ. ಗಡಿಯಾರದವನು. ಅವನ ಕತೆ ಹೇಳುತ್ತೇನೆ, ಕೇಳು. ನೀನೂ ಒಂದು ಹಿಡಿ ಕಾಯಿ ತೆಗೆದುಕೊ. ಕೈಗೆ ಕೆಲಸವಿಲ್ಲದೆ ಕತೆ ಕೇಳಿದರೆ ನಿದ್ದೆ ಬರುತ್ತದೆ" ಎಂದರು. ಕತೆ ಇದು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿ ಮಾಡುವವನಿದ್ದ. ಆ ಊರ ಹೊರಗೆ ವಿಮಾನ ಹಾರಿಸಲು ಕಲಿಸುವ ಶಾಲೆಯೊಂದಿತ್ತು. ಅಲ್ಲಿನ ಪುಟ್ಟ ವಿಮಾನಗಳು ಅವನ ಮನೆಯ ಮೇಲೆಯೇ ಹಾದುಹೋಗುತ್ತಿದ್ದವು. ಚಿಕ್ಕಂದಿನಿಂದ ಅವನಿಗೆ ಇದ್ದದ್ದು ಒಂದೇ ಆಸೆ, ತಾನೂ ಹಾರಬೇಕು. ಮೀಸೆ ಮೂಡಿದ ಕೂಡಲೇ ಆ ಶಾಲೆಗೆ ಹೋಗಿ ನಿಂತ. ಅಲ್ಲಿನ ವೈದ್ಯರು ಬಣ್ಣಬಣ್ಣದ ಚುಕ್ಕಿಗಳಿದ್ದ ಒಂದು ಪುಟ ತೋರಿಸಿ, ಇದರೊಳಗೆ ಯಾವ ಅಂಕಿ ಇದೆ ಹೇಳು ಎಂದರು. ಅವನಿಗೆ ಬರೀ ಚುಕ್ಕಿ ಕಂಡವು. ತನ್ನ ಕಣ್ಣಿಗೆ ಕೆಂಪೂ ಹಸಿರೂ ಒಂದೇ ಎಂದು ಅವನಿಗೇ ಗೊತ್ತಾದದ್ದು ಅವತ್ತು. ಇಂಥ ಕಣ್ಣಿನವರಿಗೆ ವಿಮಾನ ಕೊಡುವುದಿಲ್ಲ ಎಂದು ಕಳಿಸಿಬಿಟ್ಟರು.

ತಂದೆಯ ಅಂಗಡಿ ಇತ್ತು. ಬಂದು ಕೂತ. ಗಡಿಯಾರದ ಮುಳ್ಳು ನೋಡುವುದಕ್ಕೆ ಬಣ್ಣ ಬೇಕಿಲ್ಲವಲ್ಲ. ಕೆಲಸ ಚೆನ್ನಾಗಿ ಕಲಿತ, ಮದುವೆಯಾದ, ಊರಿಗೆ ಬೇಕಾದವನಾದ. ಆದರೆ ತಲೆಯ ಮೇಲೆ ವಿಮಾನದ ಸದ್ದು ಕೇಳಿದರೆ ಕೈಯಲ್ಲಿದ್ದ ಚಿಮಟ ನಿಂತುಬಿಡುತ್ತಿತ್ತು. ಗಿರಾಕಿಗಳಿಗೆ ಇದು ಗೊತ್ತಿತ್ತು. ಸದ್ದು ದೂರವಾಗುವವರೆಗೆ ಅವರೂ ಸುಮ್ಮನಿರುತ್ತಿದ್ದರು.

ತಲೆ ನರೆಯುವ ಹೊತ್ತಿಗೆ ಊರಿಗೆ ಕಂಪ್ಯೂಟರ್ ಬಂತು. ಮನೆಯಲ್ಲೇ ಕೂತು ವಿಮಾನ ಹಾರಿಸುವ ಆಟವೊಂದು ಅದರಲ್ಲಿದೆ, ಸಿಮ್ಯುಲೇಟರ್ ಅಂತ ಅದರ ಹೆಸರು ಎಂದು ಯಾರೋ ಹೇಳಿದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮೊದಲು ಒಂದು ಪರದೆ ಬಂತು, ಆಮೇಲೆ ಎಡಕ್ಕೂ ಬಲಕ್ಕೂ ಒಂದೊಂದು ಬಂತು. ಗುಜರಿಯಿಂದ ಹಳೇ ಬಸ್ಸಿನ ಡ್ರೈವರ್ ಸೀಟು ಬಂತು. ಕೈಗೆ ಹಿಡಿಕೆ ಬಂತು, ಕಾಲಿಗೆ ಪೆಡಲು ಬಂತು. ನಡುಮನೆಯಲ್ಲಿದ್ದ ಮಂಚ ಹಿತ್ತಲಿಗೆ ಹೋಯಿತು. ವಿಮಾನದಲ್ಲಿ ಎತ್ತರ, ವೇಗ, ದಿಕ್ಕು ತೋರಿಸುವ ಡಯಲುಗಳಿರುತ್ತವೆ. ಅವನ್ನು ಮಾತ್ರ ಅವನು ಕೊಳ್ಳಲಿಲ್ಲ. ಕೆಟ್ಟ ಅಲಾರಂ ಗಡಿಯಾರಗಳ ಹೊಟ್ಟೆ ಬಿಚ್ಚಿ, ಒಳಗೆ ಪುಟ್ಟ ಮೋಟಾರು ಕೂರಿಸಿ, ಮುಳ್ಳುಗಳನ್ನು ತಾನೇ ಮಾಡಿದ. ಆ ಮುಳ್ಳುಗಳು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ಸಂಜೆ ಅಂಗಡಿಯ ಬಾಗಿಲು ಹಾಕಿದರೆ ಅವನು ಆಕಾಶದಲ್ಲೇ. ಮಳೆಯಲ್ಲಿ ಹಾರಿದ, ಮಂಜಿನಲ್ಲಿ ಹಾರಿದ, ಹೆಸರು ಹೇಳಲು ನಾಲಿಗೆ ಹೊರಳದ ಊರುಗಳಲ್ಲಿ ಇಳಿದ. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಮುದ್ದೆ ಆರೋಗುತ್ತೆ. ಇಳೀತೀರೋ, ಅಲ್ಲೇ ಇರ್ತೀರೋ?" ಎನ್ನುವಳು. "ರನ್‌ವೇ ಕಾಣ್ತಿದೆ ಕಣೇ, ಈಗ ಮಾತಾಡಿಸಬೇಡ" ಎನ್ನುವನು. ಪಾಪ, ಅವಳೂ ಉಸಿರು ಬಿಗಿಹಿಡಿದು ನಿಲ್ಲುವಳು. ಗಂಡ ಸುಖವಾಗಿ ನೆಲ ಮುಟ್ಟಿದ ಮೇಲೆಯೇ ಅವಳು ಹೋಗಿ ತಟ್ಟೆ ಹಾಕುವುದು.

ಆದರೆ ಪರದೆ ಆರಿಸಿದ ಮೇಲೆ ಅವನಿಗೆ ಏನೋ ಒಂದು ಕಡಿಮೆ ಅನ್ನಿಸುತ್ತಿತ್ತು. ಏನು ಎಂದು ತಿಳಿಯದು. ಗಾಳಿ ಇಲ್ಲದ್ದಕ್ಕೆ ಇರಬೇಕು ಎಂದು ಮುಖದ ಎದುರಿಗೆ ಫ್ಯಾನು ಇಟ್ಟ. ನೆಗಡಿಯಾಯಿತು. ಅಲುಗಾಟ ಇಲ್ಲದ್ದಕ್ಕೆ ಇರಬೇಕು ಎಂದು ಸೀಟಿನ ಕೆಳಗೆ ಹಳೇ ಮಿಕ್ಸಿಯ ಮೋಟಾರು ಕಟ್ಟಿದ. ಸೊಂಟ ಹಿಡಿಯಿತು. ಕೊರತೆ ಮಾತ್ರ ಇದ್ದ ಹಾಗೇ ಇತ್ತು.

ರುದ್ರಮುನಿ ನಕ್ಕ. ಗುರುಗಳು ನಗಲಿಲ್ಲ. ಕತೆ ಮುಂದುವರಿಸಿದರು.

ಒಂದು ದಿನ ಆ ಶಾಲೆಯಲ್ಲಿ ಹಾರಾಟ ಕಲಿಸುವ ಪೈಲಟ್ ಒಬ್ಬ ನಿಂತುಹೋದ ಕೈಗಡಿಯಾರ ಹಿಡಿದು ಅಂಗಡಿಗೆ ಬಂದ. ಮಾತಿಗೆ ಮಾತು ಬೆಳೆಯಿತು. ಮನೆಗೂ ಬಂದ. ಯಂತ್ರ ನೋಡಿ ಬೆರಗಾಗಿ, ನಾನೂ ಒಂದು ಸುತ್ತು ಹಾರಿಸುತ್ತೇನೆ ಎಂದು ಕೂತ. ಏರಿಸಿದ್ದೇನೋ ಏರಿಸಿದ, ಇಳಿಸಲು ಆಗಲಿಲ್ಲ. ಒಮ್ಮೆ ರನ್‌ವೇ ದಾಟಿ ಗದ್ದೆಗೆ ಹೋಗಿ ಬಿದ್ದ. ಇನ್ನೊಮ್ಮೆ ರನ್‌ವೇ ಬರುವ ಮೊದಲೇ ನೆಲ ಕಚ್ಚಿದ. ಆಮೇಲೆ ಗಡಿಯಾರದವನು ಕೂತು, ದೇವರ ಮುಂದೆ ಹೂವು ಇಟ್ಟ ಹಾಗೆ ಇಳಿಸಿ ತೋರಿಸಿದ. ಬಾಯಲ್ಲಿ ಏನೂ ಅನ್ನಲಿಲ್ಲ. ಒಳಗೆ ಮಾತ್ರ ಬೀಗಿದ. ನಿಜವಾಗಿ ಹಾರುವವನಿಗಿಂತ ನಾನೇ ವಾಸಿ ಎಂದುಕೊಂಡ.

ಪೈಲಟ್ ಬೇಸರ ಮಾಡಿಕೊಳ್ಳಲಿಲ್ಲ. "ಇದರಲ್ಲಿ ನನ್ನ ಬೆನ್ನಿಗೆ ಏನೂ ಗೊತ್ತಾಗ್ತಿಲ್ಲ ಯಜಮಾನ್ರೇ. ಕಣ್ಣೊಂದೇ ಹಾರ್ತಿದೆ. ಭಾನುವಾರ ಬನ್ನಿ, ನಿಜವಾದ್ದರಲ್ಲಿ ಕರ್ಕೊಂಡು ಹೋಗ್ತೀನಿ" ಎಂದ.

ಅಂದಿನಿಂದ ಗಡಿಯಾರದವನಿಗೆ ಅನ್ನ ಸೇರಲಿಲ್ಲ. ಜೀವಮಾನವೆಲ್ಲ ಕಾದದ್ದು ಈಗ ಕರೆದು ಬಾ ಎನ್ನುತ್ತಿತ್ತು. ಸಂತೋಷವೇನೋ ಹೌದು, ಅದಕ್ಕಿಂತ ಹೆಚ್ಚು ಭಯವಾಯಿತು. ಮನೆಯಲ್ಲಿ ಹಾರಿದ್ದು ಹಾರಾಟವೇ ಅಲ್ಲ ಎಂದು ಗೊತ್ತಾಗಿಬಿಟ್ಟರೆ? ಇಷ್ಟು ವರ್ಷ ಬೊಂಬೆ ಇಟ್ಟುಕೊಂಡು ಆಡಿದೆ ಎಂದಾದರೆ, ಇನ್ನುಳಿದ ಸಂಜೆಗಳನ್ನು ಕಳೆಯುವುದು ಹೇಗೆ? ಹೋಗುವುದೇ ಬೇಡ ಎಂದು ಹೊದ್ದು ಮಲಗಿದ. ಹೆಂಡತಿ ಕಂಬಳಿ ಎಳೆದು ಗದರಿಸಿ ಹೊರಡಿಸಿದಳು. ತಾನೂ ಜೊತೆಗೆ ಹೋಗಿ ವಿಮಾನದ ಮೈದಾನದ ಅಂಚಿನಲ್ಲಿ ಬೇವಿನ ಮರದ ಕೆಳಗೆ ಕೂತಳು.

ವಿಮಾನದೊಳಗೆ ಕೂತ ಕೂಡಲೇ ಅವನ ಭಯ ಹೋಯಿತು. ಎಲ್ಲ ಗೊತ್ತಿದ್ದದ್ದೇ. ಯಾವ ಗುಂಡಿ ಎಲ್ಲಿದೆ, ಯಾವುದಾದ ಮೇಲೆ ಯಾವುದು, ಪೈಲಟ್ ಹೇಳುವ ಮೊದಲೇ ಅವನ ಬೆರಳು ಅಲ್ಲಿಗೆ ಹೋಗುತ್ತಿತ್ತು. ಮುಳ್ಳುಗಳಂತೂ ಅವನು ಮಾಡಿದ ಮುಳ್ಳುಗಳ ಹಾಗೇ ಇದ್ದವು. ಇಂಜಿನ್ನಿನ ಸದ್ದು ಮಾತ್ರ ಮನೆಯದಕ್ಕಿಂತ ಬಹಳ ದೊಡ್ಡದು, ಪೆಟ್ರೋಲಿನ ವಾಸನೆ ಹೊಸದು. ಅಷ್ಟೇ ವ್ಯತ್ಯಾಸ ಎಂದು ಅವನಿಗೆ ಸಮಾಧಾನವಾಯಿತು. ಪೈಲಟ್ ವಿಮಾನ ಏರಿಸಿದ. ಸಾಕಷ್ಟು ಮೇಲೆ ಹೋದ ಮೇಲೆ, "ಈಗ ನೀವು ಹಿಡೀರಿ" ಎಂದು ಬಿಟ್ಟುಕೊಟ್ಟ. ಪೈಲಟ್‌ನ ಮುಂದೆಯೂ ಒಂದು ಹಿಡಿಕೆ ಇತ್ತು, ಆದ್ದರಿಂದ ಅಪಾಯವಿರಲಿಲ್ಲ.

ಗಡಿಯಾರದವನು ಹಾರಿಸಿದ. ಎತ್ತರದ ಮುಳ್ಳು ಅಲ್ಲಾಡಲಿಲ್ಲ. ವೇಗದ ಮುಳ್ಳೂ ಅಲ್ಲಾಡಲಿಲ್ಲ.

"ಭೇಷ್" ಎಂದ ಪೈಲಟ್. "ಇನ್ನು ಸ್ವಲ್ಪ ಹೊರಗೆ ನೋಡಿ."

ಗಡಿಯಾರದವನು ತಲೆ ಎತ್ತಿದ ಹಾಗೆ ಮಾಡಿ ಮತ್ತೆ ಮುಳ್ಳಿಗೆ ಬಂದ.

"ಹೊರಗೆ ನೋಡಿ ಯಜಮಾನ್ರೇ."

"ನೋಡ್ತೀನಿ ಸಾರ್. ಮುಳ್ಳು ಒಂಚೂರು ಇಳೀತು, ಸರಿಮಾಡಿಬಿಟ್ಟು ನೋಡ್ತೀನಿ."

ಅವನನ್ನು ಬೈದು ಏನು ಪ್ರಯೋಜನ? ಅಂಗಡಿಯಲ್ಲಿ ಮುಳ್ಳು, ಮನೆಯಲ್ಲಿ ಮುಳ್ಳು. ಮುಳ್ಳು ಸರಿಯಿದ್ದರೆ ಲೋಕ ಸರಿಯಿದೆ ಎಂದು ನಂಬಿ ಬದುಕಿದವನು. ಯಾವ ಆಕಾಶಕ್ಕಾಗಿ ಚಿಕ್ಕಂದಿನಿಂದ ಹಂಬಲಿಸಿದ್ದನೋ ಅದು ಗಾಜಿನ ಆಚೆ ತುಂಬಿ ನಿಂತಿತ್ತು. ಇವನು ಅದರೆದುರು ತಲೆ ಬಗ್ಗಿಸಿಕೊಂಡು ಕೂತಿದ್ದ. ಹೊತ್ತು ಹೋಗುತ್ತಿತ್ತು.

ಪೈಲಟ್ ಹೆಗಲ ಮೇಲಿದ್ದ ಟವೆಲು ತೆಗೆದು ಡಯಲುಗಳ ಮೇಲೆ ಹರಡಿಬಿಟ್ಟ.

"ಅಯ್ಯೋ ಮುಚ್ಚಬೇಡಿ ಸಾರ್, ಬಿದ್ದುಹೋಗ್ತೀವಿ!" ಎಂದು ಗಡಿಯಾರದವನು ಕೂಗಿಕೊಂಡ. ಅವನ ಎಡಗೈ ತೊಡೆಯ ಪಕ್ಕದಲ್ಲಿ ತಡಕಾಡಿತು. ಮನೆಯ ಯಂತ್ರದಲ್ಲಿ ಅಲ್ಲೊಂದು ಕೀ ಇತ್ತು. ಕೈಮೀರುತ್ತಿದೆ ಅನ್ನಿಸಿದಾಗ ಅದನ್ನು ಒತ್ತಿದರೆ ವಿಮಾನ ಇದ್ದಲ್ಲೇ ನಿಂತುಬಿಡುತ್ತಿತ್ತು. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಶುರು ಮಾಡಬಹುದಿತ್ತು. ಇಲ್ಲಿ ಅವನ ಬೆರಳಿಗೆ ಬರೀ ಸೀಟಿನ ತಗಡು ಸಿಕ್ಕಿತು.

ಅಷ್ಟರಲ್ಲಿ ನೆಲದಿಂದ ಎದ್ದ ಬಿಸಿಗಾಳಿಯೊಂದು ವಿಮಾನವನ್ನು ಮೇಲಕ್ಕೆ ಎತ್ತಿತು. ತಾನು ಏರುತ್ತಿದ್ದೇನೆ ಎಂದು ಯಾವ ಮುಳ್ಳೂ ಹೇಳಲಿಲ್ಲ, ಅವನ ಬೆನ್ನಿಗೆ ಗೊತ್ತಾಯಿತು, ತೊಡೆಗೆ ಗೊತ್ತಾಯಿತು. ತನಗೊಂದು ಭಾರವಿದೆ, ಅದನ್ನು ಗಾಳಿ ಹೊತ್ತುಕೊಂಡಿದೆ ಎಂದು ಮೊದಲ ಬಾರಿಗೆ ತಿಳಿಯಿತು. ಬೇರೆ ದಾರಿ ಕಾಣದೆ ತಲೆ ಎತ್ತಿದ. ಎದುರಿಗೆ ಭೂಮಿಯೂ ಆಕಾಶವೂ ಕೂಡುವ ಗೆರೆ ಇತ್ತು. ಕಣ್ಣಿನಲ್ಲಿ ಅದನ್ನೇ ಹಿಡಿದುಕೊಂಡ. ವಿಮಾನ ನೆಟ್ಟಗಾಯಿತು. ಕೆಳಗೆ ಅವನ ಊರ ಕೆರೆ ಇತ್ತು. ಅವನ ಬೀದಿ ಇತ್ತು. ಮೈದಾನದ ಅಂಚಿನ ಮರದಿಂದ ಈಚೆಗೆ ಬಂದು, ಸಾಸಿವೆ ಕಾಳಿನಷ್ಟು ಒಬ್ಬಳು ಬಿಸಿಲಿನಲ್ಲಿ ನಿಂತಿದ್ದಳು. ಅವನ ಕಣ್ಣು ತುಂಬಿತು.

"ಹೊತ್ತಾಯ್ತು ಯಜಮಾನ್ರೇ, ಇಳಿಯೋಣ" ಎಂದ ಪೈಲಟ್.

"ಈಗ ತಾನೇ ಹತ್ತಿದೆನಲ್ಲ ಸಾರ್" ಎಂದ ಗಡಿಯಾರದವನು. ಇನ್ನೊಂದು ಸುತ್ತು ಎಂದು ಬೇಡಿಕೊಳ್ಳಬೇಕು ಅನ್ನಿಸಿತು. ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡ.

ನೆಲಕ್ಕೆ ಬಂದ ಮೇಲೆ ಅವನು ಪೈಲಟ್‌ನ ಕೈ ಹಿಡಿದು, "ನಿಜ ಹೇಳಿ ಸಾರ್. ನಾನು ಮನೇಲಿ ಮಾಡೋದು ಹಾರಾಟವೋ ಅಲ್ಲವೋ?" ಎಂದು ಕೇಳಿದ.

"ನೀವು ಕಲಿತದ್ದರಲ್ಲಿ ಒಂದೂ ತಪ್ಪಿಲ್ಲ" ಎಂದ ಪೈಲಟ್. ಒಳ್ಳೆಯವನು. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಆ ಸಂಜೆಯೂ ಗಡಿಯಾರದವನು ಯಂತ್ರದ ಮುಂದೆ ಕೂತ. ಪರದೆಯ ಮೇಲೆ ಅದೇ ಊರು, ಅದೇ ರನ್‌ವೇ. ಕೆರೆಯೂ ತನ್ನ ಜಾಗದಲ್ಲೇ ಇತ್ತು. ಒಂದು ಸುತ್ತು ಹಾರಿ ಎಂದಿನ ಹಾಗೆ ಚೊಕ್ಕವಾಗಿ ಇಳಿಸಿದ. ಪರದೆ ಆರಿಸಿದ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಹೆಂಡತಿ ಒಲೆ ಬಿಟ್ಟು ಓಡಿಬಂದಳು. "ಯಾಕ್ರೀ, ಏನಾಯ್ತು? ಅಷ್ಟು ದಿನದ ಆಸೆ ಇವತ್ತು ತೀರ್ತಲ್ಲ!"

"ತೀರಲಿಲ್ಲ ಕಣೇ" ಎಂದ ಅವನು. "ಯಾವುದಕ್ಕೆ ಆಸೆಪಡ್ತಿದ್ದೆ ಅಂತ ಇವತ್ತು ಗೊತ್ತಾಯ್ತು."

ಆಮೇಲೂ ಅವನು ಆ ಯಂತ್ರ ಬಿಡಲಿಲ್ಲ. ದಿನಾ ಸಂಜೆ ಕೂರುತ್ತಾನೆ. ಫ್ಯಾನು ತೆಗೆದಿಟ್ಟ, ಸೀಟಿನ ಕೆಳಗಿನ ಮೋಟಾರು ಬಿಚ್ಚಿದ. ಪರದೆ ಆರಿಸಿದಾಗ ಆ ಕೊರತೆ ಈಗಲೂ ಬರುತ್ತದೆ, ಮೊದಲಿಗಿಂತ ಜೋರಾಗಿಯೇ ಬರುತ್ತದೆ. ಅವನು ಅದನ್ನು ಮುಚ್ಚಲು ಏನನ್ನೂ ಹುಡುಕುವುದಿಲ್ಲ. ಮನೆಗೆ ಬಂದ ನೆಂಟರ ಜೊತೆ ಕೂತ ಹಾಗೆ ಅದರ ಜೊತೆ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಊಟಕ್ಕೆ ಏಳುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಇನ್ನೂ ಇದೆ ಎಂದು ರುದ್ರಮುನಿ ಕಾದ. ಇರಲಿಲ್ಲ.

"ಆ ಯಂತ್ರ ನಿಜಕ್ಕೆ ಎಷ್ಟು ಹತ್ತಿರ ಎಂದು ತಾವು ಹೇಳಲೇ ಇಲ್ಲವಲ್ಲ ಬುದ್ಧಿ" ಎಂದ.

ಗುರುಗಳು ಅವನ ಮುಖ ನೋಡಿದರು.

"ನಿಜವನ್ನು ಮುಟ್ಟಿ ಬಂದ ಸಂಜೆ ಅವನು ಅತ್ತ. ಕಣ್ಣು ಮುಚ್ಚಿ ಕೂತು ಏಳುವಾಗ ನಿನಗೆ ಒಂದು ದಿನವಾದರೂ ಅಳು ಬಂದಿದೆಯೇನಪ್ಪ?"

ರುದ್ರಮುನಿ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟ.