ಗಿಂಡಿ ಬೊಮ್ಮಕ್ಕನ ಹನ್ನೊಂದು ಸೀನು

ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಹುಲ್ಲಿನ ನಡುವೆ ಒಂದು ಊರಿತ್ತಂತೆ. ಬಾದೆಹಾಳು ಅಂತ ಹೆಸರು. ಯಾವ ದಿಕ್ಕಿಗೆ ನೋಡಿದರೂ ಹುಲ್ಲು. ಎತ್ತು ನುಗ್ಗಿದರೆ ಕೊಂಬು ಮಾತ್ರ ಕಾಣುವಷ್ಟು ಎತ್ತರದ ಹುಲ್ಲು. ದನ ತಿನ್ನುವುದು ಹುಲ್ಲು, ಮನೆಗೆ ಹೊದಿಸುವುದು ಹುಲ್ಲು, ಮಲಗುವುದು ಹುಲ್ಲಿನ ಮೇಲೆ. ದೇವರೂ ಹುಲ್ಲೇ. ಹುಲ್ಲಮ್ಮ ಅಂತಿದ್ದರು. ಗುಡಿಯಿಲ್ಲ, ಕಲ್ಲಿಲ್ಲ. ವರ್ಷಕ್ಕೊಮ್ಮೆ ಹೊಸ ಹುಲ್ಲಿನ ಕಟ್ಟು ನಿಲ್ಲಿಸಿ ಸೀರೆ ಉಡಿಸಿದರೆ ಅದೇ ಅಮ್ಮ.

ಆ ಊರಿನವರು ಹುಲಿಗೆ ಹೆದರುತ್ತಿರಲಿಲ್ಲವಂತೆ, ಹಾವಿಗೂ ಹೆದರುತ್ತಿರಲಿಲ್ಲವಂತೆ. ಹೆದರುತ್ತಿದ್ದದ್ದು ಸೀನಿಗೆ.

ನಗಬೇಡಿ. ನಗುವವರು ಕಥೆ ಮುಗಿದ ಮೇಲೆ ನಗಿ.

ಮಳೆಗಾಲ ಹಿಂದೆ ಸರಿದು ಮೂಡಗಾಳಿ ಎದ್ದಾಗ ಹುಲ್ಲು ಹೂ ಬಿಡುತ್ತಿತ್ತು. ಹುಲ್ಲಿಗೂ ಹೂವುಂಟೇ ಅಂತ ಕೇಳಬೇಡಿ, ಉಂಟು. ಮುಡಿಯಲಿಕ್ಕೆ ಬರುವುದಿಲ್ಲ ಅಂತ ಯಾರೂ ನೋಡುವುದಿಲ್ಲ, ಅಷ್ಟೇ. ತೆನೆ ಅಲುಗಿದರೆ ಅದರಿಂದ ಹಳದಿ ಧೂಳು ಏಳುತ್ತಿತ್ತು. ಆಗ ಊರಲ್ಲಿ ಕೆಲವರಿಗೆ ಕಣ್ಣು ಕೆಂಪಾಗುತ್ತಿತ್ತು, ಮೂಗು ನೀರಾಗಿ ಸುರಿಯುತ್ತಿತ್ತು, ಅಂಗುಳು ತುರಿಸುತ್ತಿತ್ತು. ಆಮೇಲೆ ಸೀನು. ಒಂದಲ್ಲ ಎರಡಲ್ಲ, ಸಾಲಾಗಿ. ಮೈ ಬಿಸಿಯಿಲ್ಲ, ಜ್ವರವಿಲ್ಲ. ನೆಗಡಿಯಾದರೆ ನಾಲ್ಕಾರು ದಿನಕ್ಕೆ ಹೋಗಬೇಕು, ಇದು ಹುಲ್ಲು ಒಣಗುವ ತನಕ ಹೋಗುತ್ತಿರಲಿಲ್ಲ. ಹುಲ್ಲಮ್ಮ ಮೂಗು ಹಿಡಿದಳು ಅಂತಿದ್ದರು. ಮೊದಲು ಮೂಗು, ಆಮೇಲೆ ಕುತ್ತಿಗೆ, ಆಮೇಲೆ ಉಸಿರು. ಹಾಗಂತಿದ್ದರು.

ಊರಾಚೆ ಒಂದು ಗುಡಿಸಲು ಇತ್ತಂತೆ. ಸೀನುಗುಡಿಸಲು. ಯಾರಿಗೆ ಏಳು ಸೀನು ಒಟ್ಟಿಗೆ ಬರುತ್ತಿತ್ತೋ ಅವರನ್ನು ಅಲ್ಲಿಗೆ ಹಾಕುತ್ತಿದ್ದರು. ಅಮ್ಮ ಹಿಡಿದವರನ್ನು ಅಮ್ಮನ ಮಡಿಲಲ್ಲೇ ಮಲಗಿಸಬೇಕು, ಸಿಟ್ಟು ಇಳಿದ ಮೇಲೆ ಅವಳೇ ಬಿಡುತ್ತಾಳೆ ಅಂತ ನಂಬಿಕೆ. ಅಮ್ಮನ ಮಡಿಲು ಅಂದರೆ ಏನು? ಆಗತಾನೆ ಕೊಯ್ದ, ಹೂವಿರುವ ಹುಲ್ಲು. ಅದನ್ನು ಮೊಣಕಾಲುದ್ದ ಹಾಸುತ್ತಿದ್ದರು. ತಲೆದಿಂಬಿಗೂ ಅದೇ. ದಿನಾ ಬೆಳಗ್ಗೆ ಹೊಸ ಕಟ್ಟು ತಂದು ಮೇಲೆ ಕೊಡವಿ, ತಡಿಕೆ ಬಾಗಿಲನ್ನು ಹೊರಗಿನಿಂದ ಕಟ್ಟುತ್ತಿದ್ದರು. ಬುದ್ಧಿವಂತರು ನೋಡಿ.

ಕೆಲವರು ಕಡ್ಡಿಯ ಹಾಗಾಗಿ ಹಿಂದಿರುಗುತ್ತಿದ್ದರು. ಕೆಲವರ ಎದೆಯಿಂದ ಸೀಟಿ ಏಳುತ್ತಿತ್ತು, ಬಿದಿರ ತೂತಿನಲ್ಲಿ ಗಾಳಿ ಹೋದ ಹಾಗೆ. ಆ ಸೀಟಿ ಎರಡು ದಿನ, ಮೂರು ದಿನ ಊರಿಗೆಲ್ಲ ಕೇಳಿಸಿ, ಆಮೇಲೆ ನಿಲ್ಲುತ್ತಿತ್ತು. ನಿಂತರೆ ಯಾರೂ ಜೋರಾಗಿ ಅಳುತ್ತಿರಲಿಲ್ಲವಂತೆ. ಅಮ್ಮ ಕರೆದುಕೊಂಡಳು ಅಂತ ಮಾತ್ರ ಅನ್ನುತ್ತಿದ್ದರು.

ಹೀಗಾಗಿ ಆ ಊರಲ್ಲಿ ಸೀನು ನುಂಗುವುದನ್ನು ಎಲ್ಲರೂ ಕಲಿತಿದ್ದರು. ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಹಸುವಿನ ಪಕ್ಕೆಗೆ ಮುಖ ಒತ್ತಿಕೊಳ್ಳುತ್ತಿದ್ದರು. ತಾಯಂದಿರು ಮಲಗಿದ ಕೂಸಿನ ಮೂಗನ್ನೇ ಹಿಸುಕುತ್ತಿದ್ದರಂತೆ. ಗಂಡನ ಸೀನು ಹೆಂಡತಿಗೆ ಗೊತ್ತಿಲ್ಲ, ಹೆಂಡತಿಯ ಸೀನು ಗಂಡನಿಗೆ ಗೊತ್ತಿಲ್ಲ.

ಅಲ್ಲಿ ಬೊಮ್ಮಕ್ಕ ಅಂತ ಒಬ್ಬಳಿದ್ದಳು. ಕುಂಬಾರರವಳು. ಗಂಡ ತೀರಿದ ಮೇಲೆ ತಾನೇ ತಿಗರಿ ತಿರುಗಿಸಿ ಗಡಿಗೆ, ಗಿಂಡಿ, ಹಂಚು ಮಾಡುತ್ತಿದ್ದಳು. ಮಾತು ಕಡಿಮೆ. ಊರಿಗೆಲ್ಲ ಹುಲ್ಲಿನ ಸೂರಾದರೆ ಅವಳ ಮನೆಗೊಂದಕ್ಕೇ ಹಂಚು. ಮೂಗು ಬಾಯಿಗೆ ಯಾವಾಗಲೂ ಒದ್ದೆ ಬಟ್ಟೆ ಕಟ್ಟಿರುತ್ತಿದ್ದಳು. ಯಾಕವ್ವ ಅಂದರೆ ಮಣ್ಣಿನ ಧೂಳು ಅಂತಿದ್ದಳು. ಹೊರಗಿನಿಂದ ಬಂದರೆ ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಹೋಗುತ್ತಿರಲಿಲ್ಲ. ಸೀರೆಯನ್ನು ಬೇಲಿಯ ಮೇಲೆ ಹರವದೆ ಒಳಗೇ ಒಣಗಿಸುತ್ತಿದ್ದಳು. ಮಹಾ ಮಡಿವಂತೆ ಅಂತ ಹೆಂಗಸರು ಆಡಿಕೊಳ್ಳುತ್ತಿದ್ದರು. ಮಡಕೆ ಸುಡುವ ಆವಿಗೆಯ ಹಿಂದೆ ನಿಂತು, ತಲೆ ಓರೆ ಮಾಡಿ, ಗಿಂಡಿಯ ಕೊಂಬಿನಿಂದ ಮೂಗಿನ ಒಂದು ಹೊಳ್ಳೆಗೆ ಉಪ್ಪುನೀರು ಬಿಟ್ಟು ಇನ್ನೊಂದರಿಂದ ಇಳಿಸುವುದನ್ನೂ ಯಾರೋ ನೋಡಿದ್ದರಂತೆ. ಕೇಳಿದ್ದಕ್ಕೆ ಆವಿಗೆಯ ಹೊಗೆ ಅಂದಳಂತೆ. ನಂಬಿದರು. ಕುಂಬಾರರವಳಿಗೆ ಹೊಗೆ ಇರದೆ ಇನ್ನೇನಿರುತ್ತದೆ?

ಅದೇ ಊರಿಗೆ ಸಿರಿಯಕ್ಕ ಅನ್ನುವವಳ ಮನೆಗೆ ಪಾಲಮ್ಮ ಅಂತ ಸೊಸೆ ಬಂದಳು. ಕಲ್ಲುಸೀಮೆಯ ಹುಡುಗಿ, ಅಷ್ಟು ಹುಲ್ಲನ್ನು ಕಂಡವಳೇ ಅಲ್ಲ. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ವರ್ಷ, ಮಡಿಲಲ್ಲಿ ಮೂರು ತಿಂಗಳ ಹೆಣ್ಣುಕೂಸು ಇರುವಾಗ, ಒಂದು ಬೆಳಗ್ಗೆ ಕೆರೆ ಏರಿಯ ಮೇಲೆ ಸೀನಿದಳು. ನುಂಗುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಎರಡು, ಮೂರು, ನಾಲ್ಕು. ಜೊತೆಗಿದ್ದ ಹೆಂಗಸರು ಬಾಯಿ ಬಿಡದೆ ಎಣಿಸಿದರು. ಏಳಕ್ಕೆ ಕೊಡ ಕೆಳಗಿಟ್ಟು ಹಿಂದಕ್ಕೆ ಸರಿದರು. ಪಾಲಮ್ಮ ಒಂಬತ್ತನೇ ಸೀನು ಸೀನಿ, ಮೂಗು ಒರೆಸಿಕೊಂಡು, ಎಲ್ಲರೂ ಯಾಕೆ ದೂರ ನಿಂತಿದ್ದಾರೆ ಅಂತ ನಕ್ಕಳಂತೆ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅವಳು ಗುಡಿಸಲಲ್ಲಿದ್ದಳು. ಕೂಸು ಅತ್ತೆಯ ಕೈಯಲ್ಲಿ, ಮೇಕೆ ಹಾಲಿನ ಮೇಲೆ. ಸಿರಿಯಕ್ಕ ಕೆಟ್ಟವಳಲ್ಲ. ಬಾಗಿಲನ್ನು ತಾನೇ ಕಟ್ಟಿದಳು. ಕಣ್ಣು ಬೇರೆ ಕಡೆ ತಿರುಗಿಸಿಕೊಂಡೇ ಎರಡು ಗಂಟು ಹೆಚ್ಚಿಗೆ ಹಾಕಿದಳು.

ಬೊಮ್ಮಕ್ಕ ಮಣ್ಣು ಅಗೆಯುವ ಗುಂಡಿಗೆ ಆ ಗುಡಿಸಲು ಹತ್ತಿರ. ಮೊದಲ ದಿನ ಸೀನು ಕೇಳಿಸಿತು. ಎರಡನೇ ದಿನ ಕೆಮ್ಮು. ಮೂರನೇ ದಿನ ಸೀಟಿ.

ಆ ಸೀಟಿ ಅವಳಿಗೆ ಹೊಸದಲ್ಲ. ಚಿಕ್ಕವಳಿದ್ದಾಗ ಕೇಳಿದ್ದಳು. ಆಗ ಒಳಗಿದ್ದವಳು ಅವಳ ಸ್ವಂತ ಅಕ್ಕ. ಅಕ್ಕನಿಗೆ ಬಂದ ಸೀನು ಬೊಮ್ಮಕ್ಕನಿಗೂ ಬಂದಿತ್ತು. ನಾಲಿಗೆ ಕಚ್ಚಿಕೊಂಡು ರಕ್ತ ನುಂಗಿ ಸುಮ್ಮನಿದ್ದಳು. ಅಂದಿನಿಂದ ಮೂವತ್ತು ವರ್ಷ, ಆ ಬಟ್ಟೆ, ಆ ಸ್ನಾನ, ಆ ಗಿಂಡಿ. ಎಲ್ಲವನ್ನೂ ತನ್ನ ಮೂಗಿನ ಮೇಲೇ ನೋಡಿ ನೋಡಿ ಕಲಿತದ್ದು. ಹೇಳಿದರೆ ನಾಳೆ ತಾನೂ ಒಳಗೆ.

ತಿಗರಿಯ ಮುಂದೆ ಕೂತಳಂತೆ. ಗಡಿಗೆ ಎದ್ದು ಕುಸಿಯಿತಂತೆ. ಮತ್ತೆ ಎತ್ತಿದಳು, ಮತ್ತೆ ಕುಸಿಯಿತು. ಮೂರನೇ ಸಲ ಕುಸಿದಾಗ ಎದ್ದಳು.

ಪೂಜಾರಿ ಕಾಟಯ್ಯ ಹೊಸ ಹುಲ್ಲಿನ ಕಟ್ಟು ಹೊತ್ತು ಗುಡಿಸಲಿನ ಕಡೆ ಹೊರಟಿದ್ದ. ಹಿಂದೆ ಊರಿನ ಜನ, ಕೂಸನ್ನು ಹೊತ್ತ ಸಿರಿಯಕ್ಕ. ಬೊಮ್ಮಕ್ಕ ದಾರಿಗೆ ಅಡ್ಡ ನಿಂತಳು. ಮೂಡಗಾಳಿಯ ಕಾಲದಲ್ಲಿ ಅವಳ ಬರಿಮುಖ ಕಂಡವರಿಲ್ಲ. ಮೂಗಿನ ಬಟ್ಟೆ ಬಿಚ್ಚಿದಳು. ಕಾಟಯ್ಯನ ಹೆಗಲ ಮೇಲಿನ ಕಟ್ಟಿಗೆ ಮುಖವಿಟ್ಟು, ಉಸಿರು ತುಂಬ ಎಳೆದುಕೊಂಡಳು.

ಸೀನಿದಳಂತೆ. ಹನ್ನೊಂದು ಸಲ.

ಜನ ಹಿಂದೆ ಸರಿದರು. ಅವಳ ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು. ಅಂಥದ್ದರಲ್ಲಿ ಅಂದಳಂತೆ: "ಎಣಿಸಿದ್ರಾ? ಮೂವತ್ತು ವರ್ಷದಿಂದ ಇದೇ ನನಗೆ. ಬದುಕಿದೀನಿ. ಯಾಕೆ ಗೊತ್ತಾ? ಈ ಧೂಳು ಮೂಗಿಗೆ ಹೋಗದ ಹಾಗೆ ನೋಡ್ಕೊಂಡೆ. ನೀವು ಅದನ್ನೇ ಆ ಹುಡುಗಿ ತಲೆ ಅಡಿ ಹಾಸ್ತಿದೀರಿ."

ಹಾಗಾದರೆ ಇವಳನ್ನೂ ಹಾಕಿ ಒಳಗೆ ಅಂದ ಕಾಟಯ್ಯ.

"ಹಾಕು ಕಾಟಯ್ಯ. ಆದ್ರೆ ನನ್ನ ಮನೇಲಿ ಹಾಕು, ಇಬ್ಬರನ್ನೂ. ಹೊರಗಿಂದ ಕಟ್ಕೋ. ಏಳು ದಿನಕ್ಕೆ ಬಾಗಿಲು ತೆಗಿ. ಎರಡು ಹೆಣ ಇದ್ರೆ ನಿನ್ನ ಹುಲ್ಲಮ್ಮನ ಮಾತೇ ಸರಿ."

ಗುಡಿಸಲಿನ ಸೀಟಿ ಅಲ್ಲಿಗೂ ಕೇಳಿಸುತ್ತಿತ್ತು, ಸಣ್ಣಗೆ, ಬಿಟ್ಟು ಬಿಟ್ಟು. ಆಗ ಸಿರಿಯಕ್ಕ ಕೂಸನ್ನು ಪಕ್ಕದವಳಿಗೆ ಕೊಟ್ಟು ಮುಂದೆ ನಡೆದಳು. ಕಟ್ಟಿದವಳು ನಾನು, ಬಿಚ್ಚುವವಳೂ ನಾನೇ ಅಂದಳು. ಗಂಟು ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಎಳೆದಳಂತೆ.

ಕುಂಬಾರರ ಮನೆಯ ಬಾಗಿಲು ಮುಚ್ಚಿತು. ಒಳಗೆ ಬೊಮ್ಮಕ್ಕ ಪಾಲಮ್ಮನ ಕೂದಲಿಂದ ಹುಲ್ಲಿನ ಒಂದೊಂದು ಎಸಳೂ ತೆಗೆದು, ತಲೆಗೆ ನೀರು ಹಾಕಿ, ಬಟ್ಟೆ ಬದಲಿಸಿದಳು. ಕಿಂಡಿಗೆ ಒದ್ದೆ ಬಟ್ಟೆ ಕಟ್ಟಿದಳು. ಮಲಗಿಸದೆ ಗೋಡೆಗೆ ಒರಗಿಸಿ ಕೂರಿಸಿದಳು. ನೀರನ್ನು ಕುದಿಸಿ, ಆರಿಸಿ, ಕಣ್ಣೀರಿನಷ್ಟು ಉಪ್ಪು ಹಾಕಿ, ಗಿಂಡಿಯಿಂದ ಮೂಗು ತೊಳೆಸಿದಳು. ಹಸಿ ನೀರು ಮೂಗಿಗೆ ಬೇಡವೇ ಬೇಡ ಅಂತಿದ್ದಳಂತೆ. ಹೊಳ್ಳೆಯ ಅಂಚಿಗೆ ತುಪ್ಪ ಸವರಿದಳು. ಮಂತ್ರ ಹಾಕಿದಳು ಅಂತಲೂ ಹೇಳುತ್ತಾರೆ. ಮಂತ್ರ ಬರುತ್ತಿದ್ದರೆ ಮೂವತ್ತು ವರ್ಷ ಯಾಕೆ ಹೆದರಿಕೊಂಡಿರುತ್ತಿದ್ದಳು?

ಹೊರಗೆ ಊರು ಕಿವಿಗೊಟ್ಟು ಕೂತಿತ್ತು. ಎರಡನೇ ದಿನ ಒಂದು ಸೀಟಿ ಎರಡಾಯಿತು. ಕಟ್ಟಿನಿಂದ ಎಳೆದುಕೊಂಡ ಆ ಒಂದು ಉಸಿರು ಬೊಮ್ಮಕ್ಕನ ಎದೆಗೂ ಇಳಿದಿತ್ತು. ಮೂರನೇ ದಿನವೂ ಎರಡು, ನಾಲ್ಕನೇ ದಿನವೂ ಎರಡು. ಐದನೇ ದಿನ ಒಂದು ನಿಂತಿತು. ಯಾರದು ಅಂತ ಯಾರಿಗೂ ಗೊತ್ತಿಲ್ಲ. ಸಿರಿಯಕ್ಕ ಬಾಗಿಲ ಮುಂದೆ ಕೂಸನ್ನು ಎದೆಗೊತ್ತಿಕೊಂಡು ಕೂತವಳು ಏಳಲಿಲ್ಲ, ಹೆಸರು ಹಿಡಿದು ಕೂಗಲೂ ಇಲ್ಲ. ಉತ್ತರ ಬರದಿದ್ದರೆ ಅನ್ನುವ ಹೆದರಿಕೆ. ಆರನೇ ದಿನ ಕಾಲವಲ್ಲದ ಕಾಲದಲ್ಲಿ ಮಳೆ ಹುಯ್ದು ಧೂಳು ಅಡಗಿತು. ಬೊಮ್ಮಕ್ಕನೇ ಮಳೆ ಕರೆಸಿದಳು ಅಂತಾರೆ. ಅವಳು ಹಾಗೆ ಅಂದದ್ದಿಲ್ಲ. ಮಳೆ ತಾನಾಗಿ ಬಂತು.

ಏಳನೇ ದಿನ ಬಾಗಿಲು ತೆಗೆದರು. ಪಾಲಮ್ಮ ತನ್ನ ಕಾಲಲ್ಲೇ ನಡೆದು ಬಂದಳು. ಕೈ ತೊಳೆದು ಕೂಸನ್ನು ಎತ್ತಿಕೊಂಡಳು. ಕೂಸು ಒಂದು ಸೀನು ಸೀನಿತು. ಊರೇ ಕಲ್ಲಾಗಿ ನಿಂತಿತು. ಸಿರಿಯಕ್ಕನ ಕೈ ಕೂಸಿನ ಮೂಗಿನ ತನಕ ಹೋಯಿತು, ಅಲ್ಲೇ ನಿಂತಿತು. "ಸೀನು ಮಗಾ, ಸೀನು" ಅಂದಳಂತೆ.

ಬೊಮ್ಮಕ್ಕ ಒಳಗೆ ಗೋಡೆಗೊರಗಿ ಕೂತಿದ್ದಳು. ಐದನೇ ದಿನ ನಿಂತದ್ದು ಪಾಲಮ್ಮನ ಸೀಟಿ. ಅವಳದು ಇನ್ನೂ ಇತ್ತು. ನಿಲ್ಲಲಿಕ್ಕೆ ತಿಂಗಳಾಯಿತು.

ಆ ತಿಂಗಳಲ್ಲಿ ಒಬ್ಬೊಬ್ಬರೇ ಸೆರಗು ಮುಚ್ಚಿಕೊಂಡು, ಮುಖಕ್ಕೆ ವಲ್ಲಿಬಟ್ಟೆ ಸುತ್ತಿಕೊಂಡು ಅವಳ ಬಾಗಿಲಿಗೆ ಬಂದರು. ಬರುಬರುತ್ತಾ ಅರ್ಧ ಊರೇ ಬಂತು. ಕೊನೆಗೆ ಕಣ್ಣು ಕೆಂಪಗೆ ಮಾಡಿಕೊಂಡು ಕಾಟಯ್ಯನೂ ಬಂದ. ನಿನಗೆ ಯಾವಾಗಿಂದ ಅಂತ ಕೇಳಿದಳು. ಹುಟ್ಟಿದಾಗಿಂದ ಅಂದನಂತೆ. ಅವನಿಗೂ ಒಂದು ಗಿಂಡಿ ಕೊಟ್ಟಳು. ಎಲ್ಲರಿಗೂ ಹೇಳಿದ್ದು ಒಂದೇ ಮಾತು: "ಇದು ವಾಸಿಯಾಗೋದಲ್ಲ. ಹುಲ್ಲಿರೋ ತನಕ ಇರುತ್ತೆ. ಬಾಗಿಲ ಹೊರಗೆ ಇಡಬಹುದು, ಅಷ್ಟೇ. ಎದೆ ಸೀಟಿ ಹೊಡೆದ್ರೆ ಮಾತ್ರ ಗಿಂಡಿ ನಂಬ್ಕೊಂಡು ಕೂರಬೇಡಿ, ನನಗಿಂತ ತಿಳಿದೋರನ್ನ ಹುಡುಕಿ."

ಅವಳ ಕಾಲಕ್ಕೆ ತಿಳಿದವರು ಸಿಗಲಿಲ್ಲ. ಇನ್ನೊಂದು ಮೂಡಗಾಳಿಯಲ್ಲಿ ಅವಳ ಎದೆ ಮತ್ತೆ ಸೀಟಿ ಹೊಡೆಯಿತು, ಸೀಟಿಯ ಜೊತೆ ಉಸಿರೂ ನಿಂತಿತು. ಆ ಸಲ ಊರು ಬಾಯಿ ಬಿಟ್ಟು ಅತ್ತಿತು ಅಂತಾರೆ.

ಈಗಲೂ ಆ ಕಡೆ ಹುಲ್ಲು ತೆನೆ ಕಟ್ಟುವ ಮುಂಚೆ ಪ್ರತಿ ಮನೆಯವರು ಹೊಸ ಗಿಂಡಿ ತಂದು ಬಾಗಿಲ ಹೊರಗೆ ಇಡುತ್ತಾರೆ. ಹೊಲದಿಂದ ಬಂದವರು ತಲೆ, ಮುಖ ತೊಳೆಯದೆ ಹೊಸಿಲು ದಾಟುವುದಿಲ್ಲ. ಸೀನುಗುಡಿಸಲಿದ್ದ ಜಾಗವನ್ನು ಹೆಂಗಸರು ಕೆಮ್ಮಣ್ಣು ಬಳಿದು ಇಡುತ್ತಾರೆ, ಅಲ್ಲಿ ಒಂದೇ ಒಂದು ಹುಲ್ಲೆಸಳು ಏಳಲು ಬಿಡುವುದಿಲ್ಲ. ಮೂಡಗಾಳಿ ಎದ್ದ ಮೊದಲ ಬೆಳಗ್ಗೆ ತಾಯಂದಿರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮಾತಾಡಬೇಡಿ ಅಂತ ಗದರಿ, ಒಬ್ಬೊಬ್ಬರ ಬೆನ್ನಿಗೂ ಕಿವಿ ಇಡುತ್ತಾರೆ. ಸೀಟಿ ಕೇಳಿದರೆ ಸೀನು ಎಣಿಸುತ್ತಾ ನಿಲ್ಲುವುದಿಲ್ಲ, ಮಗುವನ್ನು ಎತ್ತಿಕೊಂಡು ನೇರ ಆಸ್ಪತ್ರೆಗೆ ಓಡುತ್ತಾರೆ. ಕೇಳದಿದ್ದರೆ ಬೆನ್ನು ತಟ್ಟಿ, ಸೀನೋದಿದ್ರೆ ಸೀನು ಹೋಗು ಅಂತ ಆಟಕ್ಕೆ ಬಿಡುತ್ತಾರೆ.